ಮನೆ ಬಾಗಿಲಿನ ಸರ್ಕಾರ ಮತ್ತು ನಾವು

(ಮಹಿಳಾ ವೇದಿಕೆಯ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ಸಭೆ ಎಂದರೆ ಏಕೀಕರಣ, ಭಾಷೆ, ಸಾಹಿತ್ಯ ಇವುಗಳ ಬಗ್ಗೆ ಮಾತಾಡುವುದು ವಾಡಿಕೆ. ಈ ಸಲ ಕಾರ್ಯದರ್ಶಿಯವರು ಫೋನ್ ಮಾಡಿ, "ಸ್ಥಳೀಯ ಆಡಳಿತ ಮತ್ತು ಮಹಿಳೆ ಅಂತ ಇಟ್ಟುಕೊಂಡಿದ್ದೇವೆ, ನೀವೇ ಮಾತಾಡಬೇಕು" ಅಂದರು. ರಾಜ್ಯೋತ್ಸವಕ್ಕೂ ವಾರ್ಡ್ ಕೌನ್ಸಿಲರಿಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧ ಇದೆ. ನವೆಂಬರ್ 1 ನಮಗೆ ಕನ್ನಡ ರಾಜ್ಯೋತ್ಸವ. ನಾವು ಬಾಳುತ್ತಿರುವ ತಮಿಳುನಾಡಿನಲ್ಲಿ ಅದೇ ನವೆಂಬರ್ 1 ಸ್ಥಳೀಯ ಸಂಸ್ಥೆಗಳ ದಿನ, ಇಲ್ಲಿಯವರ ಮಾತಿನಲ್ಲಿ 'ಉಳ್ಳಾಟ್ಚಿ' ದಿನ. 2022ರ ನವೆಂಬರ್ 1ರಂದು ಈ ರಾಜ್ಯದ ನಗರಗಳಲ್ಲಿ ಮೊದಲ ಬಾರಿಗೆ ಏರಿಯಾ ಸಭೆಗಳು ಶುರುವಾದವು. ತಾಂಬರಂ ಕಾರ್ಪೊರೇಷನ್ನಿನ ಪಮ್ಮಲ್‌ನಲ್ಲಿ ನಡೆದ ಸಭೆಯಲ್ಲಿ ಮುಖ್ಯಮಂತ್ರಿಗಳೇ ಕುಳಿತಿದ್ದರು. ನಾವು ಬಾವುಟ ಹಾರಿಸಿ ಸಿಹಿ ಹಂಚುವ ಹೊತ್ತಿನಲ್ಲೇ, ಎರಡು ಬೀದಿ ಆಚೆ, ನಮ್ಮ ಚರಂಡಿ, ನಮ್ಮ ಬೀದಿದೀಪ, ನಮ್ಮ ಮಕ್ಕಳ ಆಟದ ಮೈದಾನದ ವಿಚಾರ ಚರ್ಚೆಯಾಗುತ್ತಿರುತ್ತದೆ. ಅಲ್ಲಿ ನಮ್ಮ ಕುರ್ಚಿಯೂ ಒಂದಿದೆ. ಆ ಕುರ್ಚಿಯ ಬಗ್ಗೆ ಇವತ್ತು ನಾಲ್ಕು ಮಾತು.

ಸರ್ಕಾರ ಅಂದ ಕೂಡಲೇ ನಮ್ಮ ಕಣ್ಣು ದೆಹಲಿಗೋ ಸೇಂಟ್ ಜಾರ್ಜ್ ಕೋಟೆಗೋ ಹೋಗುತ್ತದೆ. ಟಿ.ವಿ.ಯಲ್ಲಿ ಕಾಣುವುದು ಆ ಎರಡೇ. ಆದರೆ ಬೆಳಗ್ಗೆ ಎದ್ದು ಮಲಗುವವರೆಗೆ ನಮ್ಮ ಕೈಗೆ ತಾಕುವುದು ಮೂರನೆಯ ಸರ್ಕಾರ. ಕಸದ ಗಾಡಿ ಎಷ್ಟು ಗಂಟೆಗೆ ಬರುತ್ತದೆ? ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಟ್ಟರೆ ಅದು ಮುಂದೆ ಬೇರೆಯಾಗಿಯೇ ಹೋಗುತ್ತದೆಯೇ? ಸಂಜೆ ಟ್ಯೂಷನ್ ಮುಗಿಸಿ ಬರುವ ಮಗಳ ದಾರಿಯಲ್ಲಿ ದೀಪ ಇದೆಯೇ? ಸೊಳ್ಳೆ ಔಷಧಿ ಹೊಡೆದರೇ? ಮಗುವಿನ ಜನನ ಪತ್ರ, ಅತ್ತೆಯವರ ಮರಣ ಪತ್ರ ಎಲ್ಲಿ ಸಿಗುತ್ತದೆ? ಇದೆಲ್ಲ ಕಾರ್ಪೊರೇಷನ್ನಿನ ಕೆಲಸ. ಈ ಪಟ್ಟಿಯನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಓದಿಕೊಳ್ಳಿ. ಒಂದು ಮನೆಯಲ್ಲಿ ಇವುಗಳ ಲೆಕ್ಕ ಇಟ್ಟುಕೊಳ್ಳುವವರು ಯಾರು? ನಾವೇ. ಹಾಗಿದ್ದ ಮೇಲೆ ಇವುಗಳ ತೀರ್ಮಾನ ಆಗುವ ಜಾಗದಲ್ಲಿ ನಾವಿಲ್ಲ ಅಂದರೆ ಅಡುಗೆ ಮಾಡುವವಳನ್ನು ಕೇಳದೆ ಮನೆಯ ಸಾಮಾನಿನ ಪಟ್ಟಿ ಬರೆದ ಹಾಗಾಯಿತು.

ಊರಿನ ಕೆಲಸವನ್ನು ಊರಿನವರೇ ಕೂತು ನಡೆಸುವುದು ಇಂಗ್ಲಿಷರಿಂದ ಬಂದದ್ದು ಎಂದು ಕೆಲವರು ತಿಳಿದಿದ್ದಾರೆ. ಚೆನ್ನೈಯಿಂದ ಸುಮಾರು 90 ಕಿ.ಮೀ. ದೂರದಲ್ಲಿ, ಕಾಂಚೀಪುರಂ ಜಿಲ್ಲೆಯಲ್ಲಿ, ಉತ್ತರಮೇರೂರು ಇದೆ. ಕಂಚಿಗೆ ರೇಷ್ಮೆ ಸೀರೆಗೆಂದು ಹೋಗುವವರು ಮುಂದಿನ ಸಲ ಅಲ್ಲಿಗೂ ಹೋಗಿ ಬನ್ನಿ. ಅಲ್ಲಿನ ಸಭಾಮಂಟಪದ ಗೋಡೆಯ ಮೇಲೆ ಚೋಳರ ಮೊದಲನೇ ಪರಾಂತಕನ ಕಾಲದ, ಅಂದರೆ ಕ್ರಿ.ಶ. 919 ಮತ್ತು 921ರ ಶಾಸನಗಳಿವೆ. ಊರನ್ನು 30 ಭಾಗ ಮಾಡಿ, ಅರ್ಹರ ಹೆಸರನ್ನು ಓಲೆಗರಿಯಲ್ಲಿ ಬರೆದು, ಮಡಕೆಗೆ ಹಾಕಿ, ಏನೂ ಅರಿಯದ ಚಿಕ್ಕ ಹುಡುಗನ ಕೈಯಿಂದ ಎತ್ತಿಸುತ್ತಿದ್ದರು. ಕೆರೆ ನೋಡಿಕೊಳ್ಳಲು ಒಂದು ಸಮಿತಿ, ತೋಟಕ್ಕೆ ಒಂದು, ಚಿನ್ನದ ಪರೀಕ್ಷೆಗೆ ಒಂದು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರನ್ನು ಮಡಕೆಗೆ ಹಾಕುವಂತಿರಲಿಲ್ಲ. ಅವನ ಹತ್ತಿರದ ನೆಂಟರ ಹೆಸರನ್ನೂ ಹಾಕುವಂತಿರಲಿಲ್ಲ! ಈ ನಿಯಮ ಇವತ್ತು ಜಾರಿಗೆ ಬಂದರೆ ಎಷ್ಟು ಕಡೆ ಮಡಕೆ ಖಾಲಿ ಉಳಿಯುತ್ತದೋ, ನೀವೇ ಯೋಚಿಸಿ.

ಆದರೆ ಆ ಮಡಕೆಯಲ್ಲಿ ಹೆಣ್ಣಿನ ಹೆಸರಿರಲಿಲ್ಲ. ಅದು ಬ್ರಾಹ್ಮಣರಿಗೆ ಬಿಟ್ಟ ಊರು. ಜಮೀನು, ಸ್ವಂತ ಮನೆ, ವೇದದ ಓದು, 35ರಿಂದ 70 ವಯಸ್ಸು ಇವೆಲ್ಲ ಇದ್ದ ಗಂಡಸಿಗೆ ಮಾತ್ರ ಅವಕಾಶ. ಹಳೆಯದನ್ನು ಹೊಗಳುವಾಗ ಇದನ್ನೂ ಹೇಳಬೇಕು.

ಈಗ ಹೇಳುವ ಸಂಗತಿ ನನಗೆ ಬಹಳ ಇಷ್ಟವಾದದ್ದು. ಹೆಚ್ಚುಕಡಿಮೆ ಅದೇ ದಶಕಗಳಲ್ಲಿ, ಹತ್ತನೇ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕೃಷ್ಣನ ಕಾಲಕ್ಕೆ, ನಮ್ಮ ಶಿವಮೊಗ್ಗ ಸೀಮೆಯ ನಾಗರಖಂಡ ಎಪ್ಪತ್ತರಲ್ಲಿ ಜಕ್ಕಿಯಬ್ಬೆ ಎಂಬ ಹೆಣ್ಣುಮಗಳು ಆಡಳಿತ ನಡೆಸುತ್ತಿದ್ದಳು. ಎಪ್ಪತ್ತು ಅಂದರೆ ಎಪ್ಪತ್ತು ಹಳ್ಳಿಗಳ ನಾಡು. ನಾಳ್ಗಾವುಂಡನಾಗಿದ್ದ ಗಂಡ ತೀರಿಹೋದ ಮೇಲೆ ಆ ಹುದ್ದೆ ಅವಳಿಗೆ ಬಂತು. ಒಳ್ಳೆಯ ಆಡಳಿತದಲ್ಲಿ ಅವಳು ನುರಿತವಳು, ಹೆಣ್ಣಾದರೂ ನಾಡನ್ನು ಚೆನ್ನಾಗಿ ಕಾಪಾಡಿದಳು ಎಂಬ ಅರ್ಥದಲ್ಲಿ ಶಾಸನ ಅವಳನ್ನು ಕೊಂಡಾಡುತ್ತದೆ. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಜೈನರ ಪದ್ಧತಿಯಂತೆ ವ್ರತ ಹಿಡಿದು ದೇಹ ಬಿಟ್ಟಳು. ಶಿಕಾರಿಪುರ ತಾಲ್ಲೂಕಿನ ಇವತ್ತಿನ ಬಂದಳಿಕೆಯೇ ಆ ಊರು. ಶಾಸನ ಬರೆದವನು "ಹೆಣ್ಣಾದರೂ" ಎನ್ನುವುದನ್ನು ಬಿಟ್ಟಿಲ್ಲ ನೋಡಿ. ಸಾವಿರ ವರ್ಷ ಆದರೂ ಆ 'ಆದರೂ' ನಮ್ಮ ಬೆನ್ನು ಬಿಟ್ಟಿಲ್ಲ. ಆದರೆ ಎಪ್ಪತ್ತು ಹಳ್ಳಿ ಆಳಿದ ಕನ್ನಡತಿಯ ವಾರಸುದಾರರು ನಾವು ಎಂಬುದನ್ನೂ ಮರೆಯಬಾರದು.

ಇನ್ನು ನಮ್ಮ ಚೆನ್ನೈಗೆ ಬರೋಣ. ಇಲ್ಲಿನ ಕಾರ್ಪೊರೇಷನ್ ಶುರುವಾದದ್ದು 1688ರ ಸೆಪ್ಟೆಂಬರ್ 29ರಂದು. ಇಡೀ ದೇಶದಲ್ಲಿ ಇದಕ್ಕಿಂತ ಹಳೆಯ ನಗರಾಡಳಿತ ಸಂಸ್ಥೆ ಇಲ್ಲ. ಸೆಂಟ್ರಲ್ ಸ್ಟೇಷನ್ ಪಕ್ಕದ ಬಿಳಿ ಕಟ್ಟಡ, ರಿಪ್ಪನ್ ಬಿಲ್ಡಿಂಗ್, ಉದ್ಘಾಟನೆ ಆದದ್ದು 1913ರಲ್ಲಿ. ಬೆಂಗಳೂರು ರೈಲಿಗೆ ಓಡುವಾಗ ನಾವೆಲ್ಲ ಅದನ್ನು ನೋಡಿದ್ದೇವೆ. ಊರಿನ ಆಡಳಿತ ಊರಿನವರ ಕೈಯಲ್ಲಿರಬೇಕು ಎಂದು 1882ರಲ್ಲಿ ನಿರ್ಣಯ ಹೊರಡಿಸಿದ ವೈಸರಾಯ್ ರಿಪ್ಪನ್ ಅವರ ಹೆಸರು ಅದಕ್ಕೆ. ದೂರು ಕೊಡಲು ಕಾರ್ಪೊರೇಷನ್ನಿಗೆ ಫೋನ್ ಮಾಡುವ ಸಂಖ್ಯೆಯೂ 1913. ನೆನಪಿಡಲು ಸುಲಭ, ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ.

ಒಂದು ಕೌನ್ಸಿಲ್ ಸಭೆ ಏನು ಮಾಡಬಲ್ಲದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1920ರ ಸೆಪ್ಟೆಂಬರ್ 16ರಂದು, ಪಿ. ತ್ಯಾಗರಾಯ ಚೆಟ್ಟಿಯವರು ಅಧ್ಯಕ್ಷರಾಗಿದ್ದಾಗ, ಮದ್ರಾಸ್ ಕಾರ್ಪೊರೇಷನ್ ಒಂದು ಚಿಕ್ಕ ನಿರ್ಣಯ ಮಾಡಿತು. ಥೌಸಂಡ್ ಲೈಟ್ಸ್‌ನ ಕಾರ್ಪೊರೇಷನ್ ಶಾಲೆಯ ಮಕ್ಕಳಿಗೆ ತಿಂಡಿ ಕೊಡುವುದು, ಒಂದು ಮಗುವಿಗೆ ದಿನಕ್ಕೆ ಒಂದಾಣೆ ಮೀರದಂತೆ ಖರ್ಚು ಮಾಡುವುದು. ಇಷ್ಟೇ. ಇವತ್ತು ದೇಶದ ಕೋಟ್ಯಂತರ ಮಕ್ಕಳು ಉಣ್ಣುವ ಮಧ್ಯಾಹ್ನದ ಬಿಸಿಯೂಟದ ಚರಿತ್ರೆ ಬರೆಯುವವರು ಆ ಒಂದಾಣೆಯ ನಿರ್ಣಯದಿಂದಲೇ ಆರಂಭಿಸುತ್ತಾರೆ. ಅದು ದೆಹಲಿಯಲ್ಲಿ ಹುಟ್ಟಲಿಲ್ಲ. ಒಂದು ವಾರ್ಡಿನ ಒಂದು ಶಾಲೆಯಲ್ಲಿ ಹುಟ್ಟಿತು. 2013ರ ಫೆಬ್ರವರಿಯಲ್ಲಿ ಇದೇ ಕಾರ್ಪೊರೇಷನ್ 'ಅಮ್ಮ ಉಣವಗಂ' ತೆರೆಯಿತು. ಒಂದು ರೂಪಾಯಿಗೆ ಇಡ್ಲಿ, ಮೂರು ರೂಪಾಯಿಗೆ ಮೊಸರನ್ನ. ಅಲ್ಲಿ ಅಡುಗೆ ಮಾಡಿ ಬಡಿಸುವವರು ಸ್ವಸಹಾಯ ಗುಂಪಿನ ಹೆಂಗಸರು. ಕಟ್ಟಡ ಕೆಲಸದವರು, ಆಟೋದವರು, ಒಂಟಿ ಮುದುಕರು ಅವರ ಕೈ ಅಡುಗೆ ಉಂಡು ದಿನ ಕಳೆದಿದ್ದಾರೆ. ಮನೆಯೊಳಗೆ ಲೆಕ್ಕಕ್ಕೇ ಬಾರದ ನಮ್ಮ ಕೆಲಸ ಊರಿನ ಲೆಕ್ಕಪುಸ್ತಕಕ್ಕೆ ಹತ್ತಿದ ಬಗೆ ಅದು.

ಹೆಂಗಸರು ಈ ಸಭೆಗಳ ಒಳಗೆ ಬಂದದ್ದು ಹೇಗೆ? ಅದಕ್ಕೂ ಈ ಊರಿಗೂ ನೇರ ನಂಟು. 1917ರಲ್ಲಿ ನಮ್ಮ ಅಡ್ಯಾರಿನಲ್ಲಿ ಮಾರ್ಗರೆಟ್ ಕಸಿನ್ಸ್, ಆನಿ ಬೆಸೆಂಟ್ ಮೊದಲಾದವರು ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಕಟ್ಟಿದರು. 1921ರಲ್ಲಿ ದೇಶದ ಪ್ರಾಂತ್ಯಗಳಲ್ಲೇ ಮೊದಲಾಗಿ ಮದ್ರಾಸ್ ಪ್ರಾಂತ್ಯ ಹೆಂಗಸರಿಗೆ ಮತದ ಹಕ್ಕು ಕೊಟ್ಟಿತು. ಆಸ್ತಿ ಇದ್ದವರಿಗೆ ಮಾತ್ರ ಸಿಕ್ಕ ಹಕ್ಕು ಅದು, ಆದರೂ ಬಾಗಿಲು ತೆರೆಯಿತು. ಚುನಾವಣೆಗೆ ನಿಲ್ಲುವ ಅವಕಾಶ ಸಿಕ್ಕ ಕೂಡಲೇ, 1926ರಲ್ಲಿ, ಮದ್ರಾಸ್ ಶಾಸನ ಸಭೆಗೆ ಸ್ಪರ್ಧಿಸಿದವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಕೆಲವೇ ಮತಗಳಿಂದ ಸೋತರು. 1927ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಆ ಸಭೆಯ ಸದಸ್ಯೆಯಾದರು. 1957ರಲ್ಲಿ ತಾರಾ ಚೆರಿಯನ್ ಮದ್ರಾಸಿನ ಮೊದಲ ಮಹಿಳಾ ಮೇಯರ್. 1971ರಲ್ಲಿ ಕಾಮಾಕ್ಷಿ ಜಯರಾಮನ್. ಆಮೇಲೆ 2022ರಲ್ಲಿ ಆರ್. ಪ್ರಿಯಾ, ಈ ಊರಿನ ಮೊದಲ ದಲಿತ ಮಹಿಳಾ ಮೇಯರ್. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಮುನ್ನೂರು ವರ್ಷ ದಾಟಿದ ಸಂಸ್ಥೆಯಲ್ಲಿ ಮೂರೇ ಮೂರು ಮಹಿಳಾ ಮೇಯರುಗಳು. ಬೆರಳಲ್ಲಿ ಎಣಿಸಿದರೆ ಎರಡು ಬೆರಳು ಉಳಿಯುತ್ತವೆ.

ಕರ್ನಾಟಕವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬರು ತಂದ ಪಂಚಾಯತ್ ಕಾನೂನು ಹೆಂಗಸರಿಗೆ ಶೇ. 25 ಸ್ಥಾನ ಮೀಸಲಿಟ್ಟಿತು. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಎನಿಸಿಕೊಂಡ ಮನುಷ್ಯ, ಆ ನೀರು ಹೊರುವವರನ್ನೇ ಪಂಚಾಯ್ತಿಯ ಕುರ್ಚಿಗೆ ಕರೆತಂದರು. ಹತ್ತು ವರ್ಷದ ಮೇಲೆ, 1993ರಲ್ಲಿ, ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಜಾರಿಗೆ ಬಂದು ಹಳ್ಳಿಗಳಲ್ಲೂ ನಗರಗಳಲ್ಲೂ ಮೂರನೇ ಒಂದು ಭಾಗ ಮಹಿಳೆಯರಿಗೆ ಎಂದಾಯಿತು. ಇಂದು ಕರ್ನಾಟಕದ ಪಂಚಾಯ್ತಿಗಳಲ್ಲಿ ಅರ್ಧ, 2016ರ ಕಾನೂನಿನ ಪ್ರಕಾರ ತಮಿಳುನಾಡಿನ ಸ್ಥಳೀಯ ಸಂಸ್ಥೆಗಳಲ್ಲೂ ಅರ್ಧ. ಚೆನ್ನೈಯ 200 ವಾರ್ಡುಗಳಲ್ಲಿ ಅರ್ಧದಲ್ಲಿ ಹೆಂಗಸರೇ ನಿಲ್ಲಬೇಕು.

ಇಷ್ಟು ಸಿಕ್ಕ ಮೇಲೂ ಒಂದು ನಗೆಮಾತು ಎಲ್ಲ ಕಡೆ ಕೇಳುತ್ತದೆ. ಅಧ್ಯಕ್ಷೆ ಹೆಂಡತಿ, ಆಡಳಿತ ಗಂಡನದು! ನಕ್ಕುಬಿಡುವ ಮೊದಲು ಒಂದು ಕ್ಷಣ ನಿಲ್ಲಿ. ಆಯ್ಕೆಯಾದ ಆ ಹೆಣ್ಣುಮಗಳ ಎದುರು ಕುಳಿತವರೆಲ್ಲ ಗಂಡಸರೇ ಆದರೆ, ಪ್ರಶ್ನೆ ಕೇಳುವವರೂ ಅವರೇ ಆದರೆ, ಪಕ್ಕದಲ್ಲಿ ನಿಂತ ಗಂಡ ಉತ್ತರ ಕೊಡುತ್ತಾನೆ. ಅದೇ ಎದುರಿಗೆ ಹತ್ತು ಜನ ಹೆಂಗಸರು ಕೂತು, "ಅಮ್ಮಾ, ನೀವೇ ಹೇಳಿ" ಅಂದರೆ ಅವಳೇ ಮಾತಾಡುತ್ತಾಳೆ. ಮೀಸಲಾತಿ ಒಂದು ಕುರ್ಚಿ ಕೊಟ್ಟಿದೆ. ಅದಕ್ಕೆ ಬೆನ್ನಾಗಿ ನಿಲ್ಲಬೇಕಾದದ್ದು ಎದುರುಗಡೆಯ ಕುರ್ಚಿಗಳು. ಅವು ನಮ್ಮವು.

ಇಂಗ್ಲೆಂಡಿನಲ್ಲಿರುವ ನಮ್ಮ ಮಕ್ಕಳ ಮನೆಗೆ ಹೋಗಿಬಂದವರು ಇಲ್ಲಿ ಹಲವರಿದ್ದೀರಿ. ಅಲ್ಲಿನ ಸಣ್ಣ ಹಳ್ಳಿಗಳಲ್ಲಿ ಪ್ಯಾರಿಷ್ ಕೌನ್ಸಿಲ್ ಎಂಬುದು ಇದೆ. 1894ರ ಕಾನೂನಿನಿಂದ ಹುಟ್ಟಿದ್ದು. ಮದುವೆಯಾದ ಹೆಂಗಸರೂ ಅದಕ್ಕೆ ಮತ ಹಾಕಬಹುದಿತ್ತು, ನಿಲ್ಲಬಹುದಿತ್ತು. ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕು ಅದೇ ಹೆಂಗಸರಿಗೆ ಬರಲು 1918ರವರೆಗೆ ಕಾಯಬೇಕಾಯಿತು. ಅಂದರೆ ಹೆಂಗಸರು ಮೊದಲು ಪಾಠ ಕಲಿತದ್ದು ಹಳ್ಳಿಯ ಮೇಜಿನಲ್ಲಿ. ಆ ಕೌನ್ಸಿಲುಗಳ ಕೆಲಸ ನೋಡಿದರೆ ನಗು ಬರಬಹುದು. ಬಸ್ ನಿಲ್ದಾಣದ ಮಾಡು, ಕಾಲುದಾರಿ, ಮಕ್ಕಳ ಉಯ್ಯಾಲೆ, ಸ್ಮಶಾನದ ಹುಲ್ಲು. ಆದರೆ ವರ್ಷಕ್ಕೊಮ್ಮೆ ಊರಿನ ಮತದಾರರೆಲ್ಲರೂ ಬಂದು ಮಾತಾಡಬಹುದಾದ ಸಭೆ ನಡೆಯಬೇಕು, ಮಾರ್ಚ್ 1 ಮತ್ತು ಜೂನ್ 1ರ ನಡುವೆ. ದೊಡ್ಡ ದೊಡ್ಡ ಸಾಮ್ರಾಜ್ಯ ಕಟ್ಟಿದವರೂ ಉಯ್ಯಾಲೆಯ ಸರಪಳಿಯ ಬಗ್ಗೆ ಕೂತು ಚರ್ಚೆ ಮಾಡುತ್ತಾರೆ. ಸರಪಳಿ ಕಳಚಿದರೆ ಬೀಳುವುದು ಅವರವರ ಮಗುವೇ ಅಲ್ಲವೇ?

ನಮ್ಮಲ್ಲಿ ಹಳ್ಳಿಗೆ ಗ್ರಾಮಸಭೆ ಇದೆ. ತಮಿಳುನಾಡಿನಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಇವುಗಳ ಜೊತೆಗೆ ಈಗ ವಿಶ್ವ ಜಲದಿನವಾದ ಮಾರ್ಚ್ 22 ಮತ್ತು ನವೆಂಬರ್ 1. ಆದರೆ ನಾವು ಇರುವುದು ನಗರದಲ್ಲಿ. 2011ರಲ್ಲಿ ಚೆನ್ನೈ 174 ಚದರ ಕಿ.ಮೀ.ಯಿಂದ 426 ಚದರ ಕಿ.ಮೀ.ಗೆ ಬೆಳೆಯಿತು. 42 ಸ್ಥಳೀಯ ಸಂಸ್ಥೆಗಳು ಅದರಲ್ಲಿ ಸೇರಿದವು, ಅವುಗಳಲ್ಲಿ 25 ಗ್ರಾಮ ಪಂಚಾಯ್ತಿಗಳು. ನಮ್ಮಲ್ಲಿ ಎಷ್ಟೋ ಕುಟುಂಬಗಳು ಮನೆ ಮಾಡಿಕೊಂಡಿರುವ ಮಡಿಪಾಕ್ಕಂ, ನೀಲಾಂಗರೈ, ತೊರೈಪಾಕ್ಕಂ, ಇಂಜಂಬಾಕ್ಕಂ ಇವೆಲ್ಲ ಅಲ್ಲಿಯವರೆಗೆ ಹಳ್ಳಿ ಪಂಚಾಯ್ತಿಗಳೇ. ಸೇರಿದ ಮೇಲೆ ಅವು ಮಹಾನಗರದ ಭಾಗವಾದವು, ಹೊಸ ಸೌಕರ್ಯಗಳ ಆಸೆ ಬಂತು. ಆದರೆ ಗ್ರಾಮಸಭೆ ಹೋಯಿತು. ಊರಿನ ಅರಳಿಕಟ್ಟೆಯ ಪಕ್ಕ ನಿಂತು ಪಂಚಾಯ್ತಿ ಅಧ್ಯಕ್ಷರನ್ನು ನಿಲ್ಲಿಸಿ ಕೇಳುತ್ತಿದ್ದವರು ಒಂದು ವಾರ್ಡಿನ ಮೂವತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಒಬ್ಬರಾದರು. ನಮ್ಮ ಕರ್ನಾಟಕದ ಲೆಕ್ಕದಲ್ಲಿ ಐದಾರು ಸಾವಿರ ಜನಕ್ಕೆ ಒಂದು ಗ್ರಾಮ ಪಂಚಾಯ್ತಿ. ಇಲ್ಲಿನ ಒಂದು ವಾರ್ಡೆಂದರೆ ಐದು ಪಂಚಾಯ್ತಿ ಸೇರಿದ ಹಾಗೆ. ಅದರ ಮೇಲೆ 2016ರ ಅಕ್ಟೋಬರಿನಿಂದ 2022ರವರೆಗೆ ಚೆನ್ನೈಗೆ ಚುನಾಯಿತ ಕೌನ್ಸಿಲೇ ಇರಲಿಲ್ಲ. ಬೆಂಗಳೂರಿನಲ್ಲೂ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದು, ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಎರಡೂ ಊರಿನಲ್ಲಿ ನೆಂಟರಿರುವ ನಮಗೆ, ಕೇಳಲು ಒಬ್ಬ ಸದಸ್ಯರಿಲ್ಲದ ಊರು ಹೇಗಿರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಖಾಲಿ ಜಾಗವನ್ನು ತುಂಬಲೆಂದೇ ಏರಿಯಾ ಸಭೆ ಬಂದದ್ದು. ಚೆನ್ನೈಯ ಒಂದೊಂದು ವಾರ್ಡನ್ನು 10 ಪ್ರದೇಶಗಳಾಗಿ ಮಾಡಿದ್ದಾರೆ. ಆ ಪ್ರದೇಶದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಅದರ ಮೇಲೆ ಕೌನ್ಸಿಲರ ಅಧ್ಯಕ್ಷತೆಯ ವಾರ್ಡ್ ಸಮಿತಿ.

ನಮ್ಮ ಭಾಗದ ಒಂದು ಸಭೆಗೆ ನಾನೂ ನಮ್ಮ ಬೀದಿಯ ಮೂವರು ಹೆಂಗಸರೂ ಹೋಗಿದ್ದೆವು. ಶಾಲೆಯ ಹಾಲ್, ನಲವತ್ತು ಜನ ಇದ್ದಿರಬಹುದು. ಒಬ್ಬ ಹಿರಿಯರು ಬೀದಿನಾಯಿಗಳ ವಿಷಯ ಹದಿನೈದು ನಿಮಿಷ ಮಾತಾಡಿದರು. ಆಮೇಲೆ ದೇವಸ್ಥಾನದ ಹತ್ತಿರ ಹೂ ಮಾರುವ ಅಮ್ಮ ಎದ್ದು, ಸಂಜೆ ಹೊತ್ತು ಬಸ್ ಸ್ಟಾಪಿನಲ್ಲಿ ಮರದ ಕೊಂಬೆ ದೀಪವನ್ನು ಮುಚ್ಚಿಬಿಡುತ್ತದೆ, ಹೆಣ್ಣುಮಕ್ಕಳು ಕತ್ತಲಲ್ಲಿ ನಿಲ್ಲುತ್ತಾರೆ, ಕೊಂಬೆ ಕಡಿಸಿ ಎಂದರು. ಅರ್ಧ ನಿಮಿಷದ ಮಾತು. ಇಂಜಿನಿಯರ್ ಬರೆದುಕೊಂಡರು. ನಮ್ಮ ಗುಂಪಿನ ಒಬ್ಬರು, ಪಾರ್ಕನ್ನು ಬೆಳಗ್ಗೆ ಇನ್ನೂ ಸ್ವಲ್ಪ ಹೊತ್ತು ತೆರೆದಿಡಲು ಆಗುತ್ತದೆಯೇ ಎಂದು ಕೇಳಿದರು. ಮನೆಯವರನ್ನೆಲ್ಲ ಆಫೀಸಿಗೆ, ಶಾಲೆಗೆ ಕಳಿಸಿ ನಮ್ಮ ಕಾಲಿಗೆ ಬಿಡುವು ಸಿಗುವುದು ಒಂಬತ್ತೂವರೆ ಮೇಲೆ. ಅಲ್ಲಿದ್ದ ಗಂಡಸರು ಯಾರಿಗೂ ಅದು ಹೊಳೆದಿರಲಿಲ್ಲ. ಅವರ ತಪ್ಪೂ ಅಲ್ಲ, ಅವರು ವಾಕಿಂಗ್ ಹೋಗುವುದು ಆರು ಗಂಟೆಗೆ. ಕೌನ್ಸಿಲರಮ್ಮ ನಕ್ಕು, "ನನಗೂ ಅದೇ ಸಮಯ ಬೇಕು" ಎಂದು ತಮಿಳಿನಲ್ಲಿ ಹೇಳಿ ತೀರ್ಮಾನದ ಪುಸ್ತಕದಲ್ಲಿ ಬರೆಸಿದರು. ಈಗ ಪಾರ್ಕು ಹನ್ನೊಂದರವರೆಗೆ ತೆರೆದಿರುತ್ತದೆ. ದೊಡ್ಡ ಕ್ರಾಂತಿಯೇನಲ್ಲ. ಆದರೆ ಸಕ್ಕರೆ ಕಾಯಿಲೆ ಇರುವ ಮೂರ್ನಾಲ್ಕು ಹೆಂಗಸರು ಅಲ್ಲಿ ದಿನಾ ನಡೆಯುತ್ತಿದ್ದಾರೆ.

ಆದರೂ ನಾವು ಕನ್ನಡದವರು ಈ ಸಭೆಗಳಲ್ಲಿ ಕಾಣುವುದು ಅಪರೂಪ. ಕೇಳಿದರೆ ಮೂರು ಕಾರಣ ಹೇಳುತ್ತೇವೆ.

ಮೊದಲನೆಯದು ಭಾಷೆ. ಅಂಗಡಿಯಲ್ಲಿ, ಮಾರ್ಕೆಟ್ಟಿನಲ್ಲಿ ತಮಿಳು ಮಾತಾಡುತ್ತೇವೆ, ಸಭೆಯಲ್ಲಿ ಹೇಗೆ? ಅಕ್ಕಾ, ಅಲ್ಲಿನ ಅರ್ಧ ಪದ ನಮ್ಮವೇ. ನಮ್ಮ ತೀರ್ಮಾನ ಅಲ್ಲಿ ತೀರ್ಮಾನಂ. ಸಭೆ ಅಲ್ಲಿ ಸಭೈ. ನಿಧಿ ನಿಧಿಯೇ. ಬೀದಿದೀಪ 'ತೆರುವಿಳಕ್ಕು', ತೆರಿಗೆ 'ವರಿ', ಅರ್ಜಿ 'ಮನು'. ಮನು ಕೊಡುವುದು ಅಂದರೆ ಯಾರನ್ನೋ ಒಪ್ಪಿಸುವುದಲ್ಲ, ಅರ್ಜಿ ಕೊಡುವುದು ಅಷ್ಟೇ! ತಪ್ಪು ತಮಿಳಿಗೆ ಅಲ್ಲಿ ಯಾರೂ ನಗುವುದಿಲ್ಲ. ಸುಮ್ಮನೆ ಕೂತವರ ಮಾತು ಮಾತ್ರ ಯಾರಿಗೂ ಕೇಳಿಸುವುದಿಲ್ಲ. ಅತ್ತರೆ ತಾನೇ ತಾಯಿ ಹಾಲು ಕೊಡುವುದು?

ಎರಡನೆಯದು, "ಅದೆಲ್ಲ ರಾಜಕೀಯ, ನಮಗೇಕೆ?" ಕೌನ್ಸಿಲರು ಪಕ್ಷದವರು, ನಿಜ. ಆದರೆ ಚರಂಡಿಗೆ ಪಕ್ಷವಿಲ್ಲ. ಕೇಳುವ ಮುಂಚೆ ಯಾರನ್ನು ಕೇಳಬೇಕು ಎಂಬುದು ಗೊತ್ತಿದ್ದರೆ ಸಾಕು. ಮಳೆನೀರಿನ ಚರಂಡಿ ಕಾರ್ಪೊರೇಷನ್ನಿನದು. ಕುಡಿಯುವ ನೀರು ಮತ್ತು ಒಳಚರಂಡಿ ಮೆಟ್ರೋ ವಾಟರಿನದು. ಕರೆಂಟು ವಿದ್ಯುತ್ ನಿಗಮದ್ದು, ಬೀದಿದೀಪ ಮಾತ್ರ ಕಾರ್ಪೊರೇಷನ್ನಿನದು. ಈ ನಾಲ್ಕು ಸಾಲನ್ನು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಕೊಂಡರೆ ಅರ್ಧ ಅಲೆದಾಟ ತಪ್ಪುತ್ತದೆ. ರಾಜಕೀಯ ಬೇಡ ಎಂದು ದೂರ ನಿಂತರೂ ಈ ಊರಿನವರು ಕೂಡಿ ಮಾಡಿದ ಕೆಲಸ ಕಡಿಮೆಯೇನಿಲ್ಲ. 1989ರಲ್ಲಿ ಎಂ.ಬಿ. ನಿರ್ಮಲ್ ಇಲ್ಲಿ ಎಕ್ಸ್‌ನೋರಾ ಶುರು ಮಾಡಿದಾಗ ಬೀದಿಬೀದಿಯವರು ತಾವೇ ಹಣ ಹಾಕಿ ಕಸ ಸಾಗಿಸುವ ಏರ್ಪಾಡು ಮಾಡಿಕೊಂಡರು. 2003ರಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾದಾಗ ತಾರಸಿಯ ಪೈಪು ಬಾವಿಗೆ ಸೇರಿತೇ ಎಂದು ನಿಂತು ನೋಡಿದವರು ಮನೆಮನೆಯ ಹೆಂಗಸರು. 2015ರ ನೆರೆಯಲ್ಲಿ, 2023ರ ಮಿಚಾಂಗ್ ಚಂಡಮಾರುತದಲ್ಲಿ ಅಪಾರ್ಟ್‌ಮೆಂಟಿನ ಮೊದಲ ಮಹಡಿಯವರಿಗೂ ನೆಲಮಹಡಿಯವರಿಗೂ ಒಂದೇ ಒಲೆ ಉರಿಯಿತು. ಆಪತ್ತಿನಲ್ಲಿ ಕೂಡುವವರು ಬಿಸಿಲಿನ ದಿನದಲ್ಲೂ ಕೂಡಬಹುದು.

ಮೂರನೆಯ ಕಾರಣವೇ ಗಟ್ಟಿಯಾದದ್ದು. "ನಮ್ಮ ಓಟು ಊರಲ್ಲಿದೆ." ಇದನ್ನು ಲಘುವಾಗಿ ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ. ತೀರ್ಥಹಳ್ಳಿಯ, ಕುಂದಾಪುರದ, ಧಾರವಾಡದ ಮತಪಟ್ಟಿಯಲ್ಲಿ ಹೆಸರಿರುವುದು ಬರೀ ಮತವಲ್ಲ, ಅದು ಕರುಳಿನ ದಾರ. ಅಪ್ಪ ಅಮ್ಮನ ಹೆಸರಿನ ಕೆಳಗೆ ನಮ್ಮ ಹೆಸರು. ಅದನ್ನು ತೆಗೆಸುವುದೆಂದರೆ ತವರಿನ ಬಾಗಿಲು ಹಾಕಿದಂತೆ ಅನ್ನಿಸುತ್ತದೆ. ಆದರೆ ಕಾನೂನು ಸ್ಪಷ್ಟವಾಗಿದೆ. ಒಬ್ಬರ ಹೆಸರು ಒಂದೇ ಕಡೆ ಇರಬೇಕು, ವಾಸ ಇರುವ ಕಡೆ ಇರಬೇಕು. ಇಪ್ಪತ್ತು ಮೂವತ್ತು ವರ್ಷದಿಂದ ಇಲ್ಲಿನ ನೀರು ಕುಡಿದು, ಇಲ್ಲಿ ತೆರಿಗೆ ಕಟ್ಟಿ, ಇಲ್ಲಿನ ಶಾಲೆಯಲ್ಲಿ ಮಕ್ಕಳನ್ನು ಓದಿಸಿ, ಮತ ಮಾತ್ರ ವರ್ಷಕ್ಕೆರಡು ಸಲ ಹೋಗುವ ಊರಲ್ಲಿಟ್ಟರೆ, ಆ ಊರಿಗೂ ಪೂರ್ತಿ ಸಲ್ಲಲಿಲ್ಲ, ಈ ಊರಿಗೂ ಸಲ್ಲಲಿಲ್ಲ. ನಮ್ಮ ಹಳ್ಳಿಯ ಪಂಚಾಯ್ತಿಗೆ ಯಾರು ಬರಬೇಕೆಂದು ತೀರ್ಮಾನಿಸುವ ಹಕ್ಕು ಅಲ್ಲಿ ದಿನಾ ಕೊಡ ಹಿಡಿದು ನಲ್ಲಿಯ ಮುಂದೆ ನಿಲ್ಲುವ ಹೆಣ್ಣಿಗೆ ನಮಗಿಂತ ಹೆಚ್ಚು. ಇಲ್ಲಿನ ವಾರ್ಡಿನ ವಿಷಯದಲ್ಲಿ ಆ ಹಕ್ಕು ನಮಗೆ. ಫಾರಂ 8 ತುಂಬಿದರೆ ವಿಳಾಸ ಬದಲಾಗುತ್ತದೆ. ತವರು ಬದಲಾಗುವುದಿಲ್ಲ. ಮದುವೆಯಾಗಿ ಬಂದ ಹೆಣ್ಣಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ಮನೆಯನ್ನು ಒಂದೇ ಎದೆಯಲ್ಲಿ ಇಟ್ಟುಕೊಳ್ಳುವುದು ನಮಗೆ ಹುಟ್ಟಿನಿಂದ ಬಂದ ವಿದ್ಯೆ.

ಈ ವೇದಿಕೆಗೆ ನನ್ನ ಕೋರಿಕೆ ಮೂರು. ಒಂದು, ಸಂಘದಲ್ಲಿ ಒಂದು ಭಾನುವಾರ ಕಂಪ್ಯೂಟರ್ ಬಲ್ಲ ನಮ್ಮ ಹೆಣ್ಣುಮಕ್ಕಳು ಕೂತು, ಇಷ್ಟಪಟ್ಟು ಬಂದವರಿಗೆ ಮತಪಟ್ಟಿಯ ಫಾರಂ ತುಂಬಿಕೊಡಲಿ. ಎರಡು, ಪ್ರತಿಯೊಬ್ಬರೂ ತಮ್ಮ ವಾರ್ಡ್ ಸಂಖ್ಯೆ, ಕೌನ್ಸಿಲರ ಹೆಸರು ತಿಳಿದುಕೊಂಡು ಬರಲಿ. ಮುಂದಿನ ಸಭೆಯಲ್ಲಿ ಹಾಜರಿ ಕರೆಯುವಾಗ ಹೆಸರಿನ ಜೊತೆ ವಾರ್ಡ್ ಸಂಖ್ಯೆಯನ್ನೂ ಹೇಳೋಣ. ಒಂದೇ ವಾರ್ಡಿನವರು ಯಾರ್ಯಾರು ಎಂದು ಗೊತ್ತಾದರೆ ಏರಿಯಾ ಸಭೆಗೆ ಒಬ್ಬರೇ ಹೋಗಬೇಕಾಗಿಲ್ಲ. ಮೂರು, ಹೋಗುವಾಗ ನಮ್ಮ ಮನೆ ಕೆಲಸಕ್ಕೆ ಬರುವ ಅಮ್ಮನನ್ನೂ ಕರೆದುಕೊಂಡು ಹೋಗೋಣ. ಅವರ ಬೀದಿಯ ನಲ್ಲಿಯ ವಿಷಯ ನಮ್ಮ ಪಾರ್ಕಿಗಿಂತ ಮೊದಲು ಬರಬೇಕಾದದ್ದು. ನಮ್ಮ ಕಸ ಎತ್ತುವ ತಾಯಂದಿರಿಗೆ ಕೈಗವಸು ಸಿಕ್ಕಿದೆಯೇ ಎಂದು ಕೇಳುವ ಮೊದಲ ಬಾಯಿ ನಮ್ಮದಾಗಲಿ.

ಒಂದು ಪದದ ವಿಷಯ ಹೇಳಿ ಮುಗಿಸುತ್ತೇನೆ. ಕಾರ್ಪೊರೇಷನ್ನಿನ ಮೊಬೈಲ್ ಆ್ಯಪ್ ಒಂದಿದೆ, ಅದರ ಹೆಸರು 'ನಮ್ಮ ಚೆನ್ನೈ'. ನೋಡಿದ ಕೂಡಲೇ ಇದು ಕನ್ನಡವೇ ಅಲ್ಲವೇ ಅನ್ನಿಸುತ್ತದೆ. ಆದರೆ ತಮಿಳಿನಲ್ಲಿ ಒಂದು ಸೂಕ್ಷ್ಮ ಇದೆ. ಕೇಳುವವರನ್ನು ಬಿಟ್ಟು 'ನಮ್ಮ' ಎನ್ನಬೇಕಾದರೆ ಅವರು 'ಎಂಗ' ಎನ್ನುತ್ತಾರೆ. ಕೇಳುವವರನ್ನೂ ಸೇರಿಸಿಕೊಂಡಾಗ ಮಾತ್ರ 'ನಮ್ಮ' ಎನ್ನುತ್ತಾರೆ. ಕನ್ನಡದಲ್ಲಿ ಈ ವ್ಯತ್ಯಾಸ ಇಲ್ಲ, ನಮಗೆ ಎರಡಕ್ಕೂ ಒಂದೇ ಪದ. ಹಾಗಾಗಿ ಈ ಊರು 'ನಮ್ಮ ಚೆನ್ನೈ' ಎಂದಾಗ ಅದರೊಳಗೆ ನಾವೂ ಇದ್ದೇವೆ. ಅವರು ಸೇರಿಸಿಕೊಂಡಾಗಿದೆ. ಇನ್ನು ಹೋಗಿ ಕೂರುವುದು ನಮ್ಮ ಕೆಲಸ.

ಕಾಫಿ ಬಂದಿದೆ. ಕುಡಿಯುತ್ತಾ ಪಕ್ಕದವರ ವಾರ್ಡ್ ಸಂಖ್ಯೆ ಕೇಳಿ.